ದೇವಿಗೊಂದು ಮಾತು, ವೀಸಾ ಅರ್ಜಿಗೊಂದು ಮಾತು

ಮಲೆನಾಡಿನ ಅಡಿಕೆ ತೋಟದ ಬೇಲಿಗೆ, ಅರ್ಧ ಕಟ್ಟಿ ನಿಲ್ಲಿಸಿದ ಮನೆಯ ಕಂಬಕ್ಕೆ, ದಾಯಾದಿಗಳ ತಕರಾರಿನಲ್ಲಿ ಬಿದ್ದಿರುವ ಗದ್ದೆಯ ಅಂಚಿಗೆ ಒಂದು ಬೋರ್ಡು ಕಟ್ಟಿರುತ್ತಾರೆ. ಈ ಜಾಗಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬುದು ಅದರ ಒಕ್ಕಣೆ. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಷ್ಟೇ ಏನು, ಘಟ್ಟ ಇಳಿದು ಕರಾವಳಿಗೆ ಹೋದರೂ ಈ ಬೋರ್ಡು ಕಣ್ಣಿಗೆ ಬೀಳುತ್ತದೆ. ಅದನ್ನು ಓದಿ ಕಳ್ಳ ಹಿಂದೆ ಸರಿಯುತ್ತಾನೋ ಇಲ್ಲವೋ, ಗಡಿಕಲ್ಲು ಜರುಗಿಸಲು ಬಂದ ಪಕ್ಕದ ತೋಟದವನು ಮಾತ್ರ ಒಮ್ಮೆ ಯೋಚಿಸುತ್ತಾನೆ. ಚೌಡಮ್ಮನ ಮುಂದೆ ಸುಳ್ಳು ನಡೆಯುವುದಿಲ್ಲ ಎಂಬ ನಂಬಿಕೆ ಈ ಸೀಮೆಯಲ್ಲಿ ಕೋರ್ಟಿನ ತಡೆಯಾಜ್ಞೆಗಿಂತ ಬೇಗ ಕೆಲಸ ಮಾಡುತ್ತದೆ.

ಆ ಬೋರ್ಡು ಕಟ್ಟಿಕೊಂಡ ಮನೆಗಳಿಂದಲೇ ಇಂದು ವೀಸಾ ಅರ್ಜಿಗಳೂ ಹೊರಡುತ್ತಿವೆ. ಮಗ ಕ್ಯಾಲಿಫೋರ್ನಿಯಾದಲ್ಲಿ, ಮಗಳು ಟೊರಾಂಟೊದಲ್ಲಿ, ತಮ್ಮನ ಮಗ ದುಬೈನಲ್ಲಿ. ಬಾಣಂತನಕ್ಕೆ ಅಮ್ಮ ಹೋಗಬೇಕು, ಹೊಸದಾಗಿ ಮದುವೆಯಾದ ಹುಡುಗಿ ಗಂಡನ ಬಳಿಗೆ ಹೊರಡಬೇಕು, ಒಂಟಿಯಾಗಿ ಉಳಿದ ಅಜ್ಜಿಯನ್ನು ಕರೆಸಿಕೊಳ್ಳಬೇಕು. ಅರ್ಜಿ ಹಾಕುವ ಮುನ್ನ ಸಿಗಂದೂರಿಗೆ ಹೋಗಿ ಹರಕೆ ಹೇಳಿಕೊಂಡು ಬರುವವರಿದ್ದಾರೆ. ದೇವಿಯ ಎದುರು ಹೇಳುವ ಮಾತು ನೇರವಾಗಿರುತ್ತದೆ: ಮಗಳ ಹೆರಿಗೆ ಇದೆ, ಆರು ತಿಂಗಳು ಅಲ್ಲಿದ್ದು ಮಗು-ಬಾಣಂತಿಯನ್ನು ನೋಡಿಕೊಳ್ಳಬೇಕು, ದಾರಿ ಮಾಡಿಕೊಡು ತಾಯಿ. ಮನೆಗೆ ಬಂದು ಅರ್ಜಿಯಲ್ಲಿ ಬರೆಸುವುದು ಇನ್ನೊಂದು: ಪ್ರವಾಸ, ನಯಾಗರ ಜಲಪಾತ, ಮೂರು ವಾರ.

ದೇವಿಗೆ ಹೇಳಿದ್ದು ಒಂದು, ಕಾನ್ಸುಲೇಟಿಗೆ ಬರೆದದ್ದು ಒಂದು ಆದರೆ ಅದು ಅಧರ್ಮವೇ? ಪ್ರಶ್ನೆ ಹಳೆಯ ಕಾಲದ್ದೆನಿಸಬಹುದು. ಆದರೆ ಈ ಮೂರು ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ, ವಾಟ್ಸ್ಆ್ಯಪ್ ಕರೆಯ ಆಚೆ ಮಗ, ಈಚೆ ಅಪ್ಪ-ಅಮ್ಮ ಕೂತು ತೀರ್ಮಾನಿಸುವುದು ಇದನ್ನೇ. ಧರ್ಮದ ಹೆಸರು ಯಾರೂ ಎತ್ತುವುದಿಲ್ಲ, ಅಷ್ಟೇ. “ಹಾಗೆ ಬರೆದ್ರೆ ಏನಾಗಲ್ಲ ಅಮ್ಮ, ಎಲ್ರೂ ಹಾಗೇ ಬರೆಯೋದು” ಎಂಬ ಮಾತಿಗೆ ಚರ್ಚೆ ಮುಗಿಯುತ್ತದೆ.

ಸಿಗಂದೂರು ಇರುವುದು ಸಾಗರ ತಾಲ್ಲೂಕಿನ ತುಮರಿ ಸೀಮೆಯಲ್ಲಿ, ಶರಾವತಿ ಹಿನ್ನೀರಿನ ಆಚೆ. ದಶಕಗಳ ಕಾಲ ಅಂಬಾರಗೋಡ್ಲುವಿನ ದಡದಿಂದ ಲಾಂಚ್ ಹತ್ತಿ ಕಳಸವಳ್ಳಿಗೆ ದಾಟಿ ಹೋಗಬೇಕಿತ್ತು. 2025ರ ಜುಲೈ 14ರಂದು ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾದ ಮೇಲೆ ಕಾರು ದೇವಸ್ಥಾನದ ಕಡೆಗೆ ನೇರ ಹೋಗುತ್ತದೆ. ಇಲ್ಲಿಗೆ ಬರುವವರು ಬಹುಪಾಲು ತಮ್ಮಲ್ಲಿ ಇರುವುದನ್ನು ಉಳಿಸಿಕೊಡೆಂದು ಬೇಡುವವರು. ಕಳುವಾದ ಒಡವೆ ಸಿಗಲಿ, ಒತ್ತುವರಿಯಾದ ಜಮೀನು ಬಿಡಿಸಿಕೊಡು, ಮೋಸ ಮಾಡಿದವನಿಗೆ ಬುದ್ಧಿ ಬರಲಿ.

ಹೊರಟು ಹೋಗುವವರ ದೇವರು ಬೇರೆ ಕಡೆ ಪ್ರಸಿದ್ಧರು. ಹೈದರಾಬಾದಿನ ಹೊರವಲಯದ ಚಿಲುಕೂರು ಬಾಲಾಜಿಗೆ ಜನ ‘ವೀಸಾ ಬಾಲಾಜಿ’ ಎಂದೇ ಹೆಸರಿಟ್ಟಿದ್ದಾರೆ. ಕೋರಿಕೆ ಹೇಳಿಕೊಳ್ಳುವಾಗ 11 ಪ್ರದಕ್ಷಿಣೆ, ಈಡೇರಿದ ಮೇಲೆ 108. ಆ ದೇವಸ್ಥಾನದಲ್ಲಿ ಹುಂಡಿಯೇ ಇಲ್ಲ ಎಂಬುದು ಇನ್ನೊಂದು ವಿಶೇಷ. ಪಂಜಾಬಿನ ಜಲಂಧರ್ ಬಳಿಯ ತಲ್ಹಣ್ ಗುರುದ್ವಾರಕ್ಕೆ ಭಕ್ತರು ಆಟಿಕೆ ವಿಮಾನ ಒಪ್ಪಿಸಿ ಬರುತ್ತಿದ್ದರು. ಸಿಗಂದೂರಿನ ದೇವಿ ಇವರ ಸಾಲಿಗೆ ಸೇರಿದವಳಲ್ಲ. ಗಡಿ ಕಾಯುವವಳ ಹತ್ತಿರ ಹೋಗಿ ಗಡಿ ದಾಟಿಸು ಎಂದು ಕೇಳುವುದರಲ್ಲೇ ಒಂದು ತಮಾಷೆ ಇದೆ. ಹರಕೆ ತಪ್ಪಲ್ಲ. ಆದರೆ ಹರಕೆ ಹೇಳಿಕೊಂಡ ಜಾಗ ಯಾವುದೆಂಬುದು ನೆನಪಿರಬೇಕು. ಆಣೆಗೆ ಹೆದರುವ ನಾಡು ಇದು. 2022ರಲ್ಲಿ ಸಾಗರದ ಇಬ್ಬರು ರಾಜಕಾರಣಿಗಳು ತಮ್ಮ ಜಗಳವನ್ನು ಧರ್ಮಸ್ಥಳದವರೆಗೆ ಒಯ್ದು ಮಂಜುನಾಥನ ಮುಂದೆ ಪ್ರಮಾಣ ಮಾಡಿ ಬಂದಿದ್ದನ್ನು ಜನ ಮರೆತಿಲ್ಲ.

ಇನ್ನು ಆಚೆ ಕಡೆಯವರು ಕೇಳುವುದೇನು? ಅಮೆರಿಕದ 1952ರ ವಲಸೆ ಕಾಯ್ದೆಯಲ್ಲಿ 214(ಬಿ) ಎಂಬ ಕಲಮು ಇದೆ. ಸಂದರ್ಶಕ ವೀಸಾ ಕೇಳಿ ಬಂದವರನ್ನು ಅಲ್ಲೇ ನೆಲೆಸಲು ಹೊರಟವರು ಎಂದೇ ಮೊದಲು ಭಾವಿಸಬೇಕು, ಹಾಗಲ್ಲವೆಂದು ಮನದಟ್ಟು ಮಾಡುವ ಹೊಣೆ ಅರ್ಜಿದಾರರದ್ದು ಎನ್ನುತ್ತದೆ ಅದು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರಿಗೆ ಈ ಕಲಮು ಹೊಸದೇನಲ್ಲ. ಕರುವಿಗೆ ಹಾಲುಣಿಸಿ ಬಂದುಬಿಡುತ್ತೇನೆಂದ ಹಸುವಿನ ಮಾತನ್ನು ಹುಲಿ ಅರ್ಬುತ ಮೊದಲು ನಂಬಲಿಲ್ಲ. ವಾಪಸು ಬರುವ ಮನಸ್ಸು ಒಳಗಿನ ಸಂಗತಿ, ಅದಕ್ಕೆ ದಾಖಲೆ ಇರುವುದಿಲ್ಲ. ಹುಲಿ ಕೊನೆಗೆ ಮಾತನ್ನೇ ನಂಬಿ ಬಿಟ್ಟಿತು, ಹಸು ಬಂದು ಮಾತು ಉಳಿಸಿಕೊಂಡಿತು. ಕನ್ನಡದ ಮಕ್ಕಳಿಗೆ ಸತ್ಯದ ಮೊದಲ ಪಾಠವೇ ‘ಹೋಗಿ ವಾಪಸು ಬರುತ್ತೇನೆ’ ಎಂಬ ಮಾತಿನ ಮೇಲೆ ನಿಂತಿದೆ.

ಕಾನ್ಸುಲೇಟಿನ ಅಧಿಕಾರಿಯನ್ನು ಹುಲಿಗೆ ಹೋಲಿಸಿ ಬೈಯುವುದು ಸುಲಭ, ನ್ಯಾಯವಲ್ಲ. ಹುಲಿಗೆ ಇದ್ದದ್ದು ಒಂದು ಹಸು, ಒಂದು ಹೊತ್ತಿನ ಊಟ. ಚೆನ್ನೈ, ಹೈದರಾಬಾದ್ ಕಿಟಕಿಗಳ ಹಿಂದೆ ಕೂತವರಿಗೆ ದಿನವಿಡೀ ಸಾಲು. ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. (ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ವೀಸಾ ಸೇವೆ ಅದರ ಜತೆಗೇ ಶುರುವಾಗಲಿಲ್ಲ; ಸಾಗರದ ಮುದುಕರು ಮತ್ತೆ ಚೆನ್ನೈ ರೈಲನ್ನೇ ಹತ್ತಬೇಕಾಯಿತು.) 79 ದಾಟಿದ ಹಿರಿಯರಿಗೆ ಸಂದರ್ಶನದಿಂದ ಇದ್ದ ವಿನಾಯಿತಿಯೂ 2025ರ ಸೆಪ್ಟೆಂಬರಿನಿಂದ ಬಹುಮಟ್ಟಿಗೆ ಹೋಯಿತು.

ನಂಬಿಕೆಯೇ ಇಲ್ಲದ ಕಡೆ ಸತ್ಯ ಹೇಳಿ ಏನು ಪ್ರಯೋಜನ ಎಂಬುದು ಮನೆಮನೆಯ ವಾದ. ಅದಕ್ಕೇ ಕಾಗದ ಗುಡ್ಡೆ ಹಾಕುತ್ತಾರೆ. ಈ ಸೀಮೆಯ ಕಾಗದಗಳ ಕಥೆಯೇ ಬೇರೆ.

ಪಹಣಿ ತೆಗೆಸಿದರೆ ತೋಟ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ, ಪೌತಿ ಖಾತೆ ಆಗಿಲ್ಲ. ಊರಿಗೆ ಅಂಟಿಕೊಂಡವನು ಎಂದು ದಾಖಲೆ ಹೇಳುವುದು ಸತ್ತವನನ್ನು, ಬೆಳಗಾದರೆ ತೋಟಕ್ಕೆ ಹೋಗುವ ಮಗನನ್ನಲ್ಲ. ಆದಾಯ ತೆರಿಗೆ ರಿಟರ್ನ್ಸ್ ಕೇಳಿದರೆ ಇಲ್ಲ, ಯಾಕೆಂದರೆ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಇರುವುದು ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸ್‌ಗೆ ಹಾಕಿದ ರಾಶಿ ಇಡಿ, ಬೆಟ್ಟೆ, ಗೊರಬಲಿನ ಪಟ್ಟಿಗಳು ಮತ್ತು ಸೊಸೈಟಿಯ ಸಾಲದ ಪುಸ್ತಕ. ಹುಟ್ಟಿದ ದಿನ ಕೇಳಿದರೆ ಜಾತಕ ಹೊರಬರುತ್ತದೆ. ಸಂವತ್ಸರ, ಮಾಸ, ತಿಥಿ, ನಕ್ಷತ್ರ, ಘಳಿಗೆ ಸಮೇತ ಅಷ್ಟು ನಿಖರವಾಗಿ ಬರೆದಿಟ್ಟ ಜನನದ ದಾಖಲೆ ಯಾವ ಕಚೇರಿಗೂ ಬೇಡ. ಜನನ-ಮರಣ ನೋಂದಣಿ ಕಾಯ್ದೆಯೇ 1969ರದ್ದು, ಜಾರಿಯಾದದ್ದು 1970ರಲ್ಲಿ. ಅದಕ್ಕೂ ಹಿಂದೆ ಮನೆಯಲ್ಲೇ ಹುಟ್ಟಿದವರಿಗೆ ಶಾಲೆಯ ಮೇಷ್ಟ್ರು ಬರೆದದ್ದೇ ಜನ್ಮದಿನ. ಶಾಲೆ ಶುರುವಾಗುವ ಜೂನ್ ಒಂದರಂದು ಹುಟ್ಟಿದವರ ಸಂಖ್ಯೆ ಮಲೆನಾಡಿನಲ್ಲಿ ಅಷ್ಟು ಹೆಚ್ಚಿರುವುದು ಸುಮ್ಮನೆ ಅಲ್ಲ.

ಹೆಸರಿನದ್ದು ಇನ್ನೊಂದು ಗೋಳು. ಗೌರಮ್ಮ ಎಂದಷ್ಟೇ ಹೆಸರಿರುವ ಅಜ್ಜಿಗೆ ಅಡ್ಡಹೆಸರು ಎಲ್ಲಿಂದ ತರುವುದು? ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಮುಂದೆ ಬಂದು ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಎಪ್ಪತ್ತು ವರ್ಷ ಊರೆಲ್ಲ ಕರೆದ ಹೆಸರು ಅಲ್ಲಿ ಹೆಸರೇ ಅಲ್ಲ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲ ಎಂದೇ ಹೇಳಿಬಿಟ್ಟಿತು.

ಎಲ್ಲಕ್ಕಿಂತ ಕಷ್ಟ ಮುಳುಗಡೆಯವರದ್ದು. 1948ರ ಹೊತ್ತಿಗೆ ಹಿರೇಭಾಸ್ಕರ, 1964ರಲ್ಲಿ ಲಿಂಗನಮಕ್ಕಿ: ಎರಡು ಅಣೆಕಟ್ಟೆಗಳ ನೀರಿನಲ್ಲಿ ಊರೂರೇ ಹೋದವು. ಜನ ದೇವರನ್ನು ಹೊತ್ತುಕೊಂಡು ಎದ್ದು ಬಂದರು, ಸರ್ಕಾರ ತೋರಿಸಿದ ಕಾಡಿನಲ್ಲಿ ಮನೆ ಕಟ್ಟಿದರು. ಆ ಜಾಗ ಕಡತದಲ್ಲಿ ಇವತ್ತಿಗೂ ಅರಣ್ಯವೆಂದೇ ಉಳಿದು ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿಲ್ಲ. ಅಂಥ ಮನೆಯ ಮೂರನೇ ತಲೆಮಾರಿನ ಹುಡುಗ ಇಂಜಿನಿಯರಾಗಿ ಹೊರದೇಶ ಸೇರಿ ಅಪ್ಪ-ಅಮ್ಮನನ್ನು ಕರೆಸಲು ಕೂತಾಗ, ಆಸ್ತಿಯ ದಾಖಲೆ ಹಾಕಿದರೆ ಒಳ್ಳೆಯದು ಎಂಬ ಸಲಹೆ ಬರುತ್ತದೆ. ಅರವತ್ತು ವರ್ಷ ಉತ್ತು ಬಿತ್ತಿದ ನೆಲವಿದೆ, ದಾಖಲೆ ಇಲ್ಲ. ಸಾಗರದವರೇ ಆದ ನಾ. ಡಿಸೋಜ ಈ ಮುಳುಗಡೆಯ ಬದುಕನ್ನು ಬರೆದರು. ಅವರ ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ನೀರು ಏರಿ ಬರುತ್ತಿದ್ದರೂ ಊರು ಬಿಡಲೊಪ್ಪದ ಪೂಜಾರಿಯ ಮನೆತನದ ಕಥೆ ಅದು. ಊರಿನ ನಂಟಿಗೆ ಅದಕ್ಕಿಂತ ಗಟ್ಟಿ ಪುರಾವೆ ಬೇಕೆ? ಲಗತ್ತಿಸಲು ಮಾತ್ರ ಬರುವುದಿಲ್ಲ.

ಸುಳ್ಳು ಒಳಗೆ ನುಗ್ಗುವುದು ಇಲ್ಲಿಂದ. ಅಣ್ಣನ ಖಾತೆಯಿಂದ ಐದು ಲಕ್ಷ ತಂದು ಅಪ್ಪನ ಖಾತೆಗೆ ತುಂಬಿಸಿ, ಸ್ಟೇಟ್‌ಮೆಂಟ್ ತೆಗೆಸಿದ ವಾರಕ್ಕೆ ವಾಪಸು ಕಳಿಸುತ್ತಾರೆ. ಇಲ್ಲದ ಬಾಡಿಗೆ ಕರಾರು ಹುಟ್ಟುತ್ತದೆ. ಏಜೆಂಟರೊಬ್ಬರು ನಿವೃತ್ತ ಮೇಷ್ಟ್ರನ್ನು ‘ಸಲಹೆಗಾರ’ ಮಾಡುತ್ತಾರೆ. ಮನೆಯವರ ಸಮಾಧಾನ ಏನೆಂದರೆ, ನಾವು ಬಾಯಲ್ಲಿ ಸುಳ್ಳು ಹೇಳಿಲ್ಲವಲ್ಲ. ಕಾಗದ ಹಾಕಿದ್ದೇವೆ, ಅಷ್ಟೇ.

ಈ ಸಮಾಧಾನಕ್ಕೆ ಉತ್ತರ ಹೊಸನಗರ ತಾಲ್ಲೂಕಿನಲ್ಲೇ ಇದೆ. ಹುಂಚ ಜೈನರ ಪ್ರಾಚೀನ ಕ್ಷೇತ್ರ. ಪದ್ಮಾವತಿ ಅಮ್ಮನವರಿಗೆ ಹರಕೆ ಹೊರುವವರಲ್ಲಿ ಎಲ್ಲ ಜಾತಿಯವರೂ ಉಂಟು. ಜೈನ ಶ್ರಾವಕರ ಐದು ಅಣುವ್ರತಗಳಲ್ಲಿ ಸತ್ಯ ಒಂದು. ಆ ವ್ರತಕ್ಕೆ ಬರುವ ಕುಂದುಗಳನ್ನು ತತ್ವಾರ್ಥಸೂತ್ರ ಐದಾಗಿ ಎಣಿಸಿದೆ: ತಪ್ಪು ಉಪದೇಶ, ಇನ್ನೊಬ್ಬರ ಗುಟ್ಟು ಹೊರಹಾಕುವುದು, ಕೂಟಲೇಖಕ್ರಿಯೆ, ನಂಬಿ ಇಟ್ಟ ಒತ್ತೆಯನ್ನು ನುಂಗುವುದು, ಮುಖಚರ್ಯೆಯಿಂದ ಅರಿತದ್ದನ್ನು ಬಯಲು ಮಾಡುವುದು. ನಡುವಿನ ಕೂಟಲೇಖಕ್ರಿಯೆ ಎಂದರೆ ಸುಳ್ಳು ದಾಖಲೆ ಸೃಷ್ಟಿಸುವುದು. ಬಡ್ಡಿ-ವ್ಯಾಪಾರ ಮಾಡುವ ಗೃಹಸ್ಥರನ್ನು ಹತ್ತಿರದಿಂದ ಬಲ್ಲವರು ಮಾತ್ರ ಇಂಥ ಪಟ್ಟಿ ಮಾಡಬಲ್ಲರು. ನಾಲಿಗೆ ಶುದ್ಧವಿದ್ದು ಲೇಖನಿ ಅಶುದ್ಧವಾಗಿರುವ ಮನುಷ್ಯ ಅವರಿಗೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಗೊತ್ತಿದ್ದ. ತಪ್ಪು ಉಪದೇಶವೂ ಅದೇ ಪಟ್ಟಿಯಲ್ಲಿ ಇರುವುದನ್ನು ಏಜೆಂಟರು ಗಮನಿಸಬೇಕು.

ಮಹಾಭಾರತದವರು ಸುಮ್ಮನಿರುವುದಿಲ್ಲ, ಅವರ ಬಳಿ ವಿನಾಯಿತಿ ಇದೆ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯ ಹಿಂದೆ ಆದಿಪರ್ವವೇ ಇದೆ: ಪರಿಹಾಸದಲ್ಲಿ, ಹೆಣ್ಣಿನ ವಿಷಯದಲ್ಲಿ, ಮದುವೆಯ ಹೊತ್ತಿನಲ್ಲಿ, ಪ್ರಾಣಕ್ಕೆ ಕುತ್ತು ಬಂದಾಗ, ಸರ್ವಸ್ವವೂ ಹೋಗುವಾಗ ಹೇಳಿದ ಸುಳ್ಳಿಗೆ ದೋಷವಿಲ್ಲ ಎಂಬ ಐದರ ಪಟ್ಟಿ. ಇದನ್ನು ಉದಾಹರಿಸುವವರು ಹೇಳಿದವರು ಯಾರೆಂಬುದನ್ನು ಬಿಟ್ಟುಬಿಡುತ್ತಾರೆ. ಹೇಳಿದವಳು ಶರ್ಮಿಷ್ಠೆ, ಕೊಟ್ಟ ಮಾತು ಮುರಿದು ತನ್ನನ್ನು ಕೂಡು ಎಂದು ಯಯಾತಿಯನ್ನು ಒಲಿಸುವಾಗ. ಅಂದರೆ ಅದು ಕಕ್ಷಿದಾರಳೇ ಮಂಡಿಸಿದ ವಾದ, ನ್ಯಾಯಾಧೀಶರ ತೀರ್ಪಲ್ಲ. ರಾಜನಾದವನು ಸುಳ್ಳಾಡಿದರೆ ಕೆಡುತ್ತಾನೆ ಎಂದು ಯಯಾತಿ ಅಲ್ಲೇ ಆಕ್ಷೇಪಿಸುತ್ತಾನೆ. ಆಮೇಲೆ ಸೋತದ್ದು ಬೇರೆ ಮಾತು.

ಕರ್ಣಪರ್ವದ ಕೌಶಿಕನ ಕಥೆ ಇದಕ್ಕಿಂತ ತೂಕದ್ದು. ಸತ್ಯವನ್ನೇ ನುಡಿಯುವ ವ್ರತ ಹಿಡಿದ ಆ ಬ್ರಾಹ್ಮಣ, ಬೆನ್ನಟ್ಟಿ ಬಂದ ದರೋಡೆಕೋರರಿಗೆ ಜನ ಅಡಗಿದ ಜಾಗ ತೋರಿಸಿ ಅವರ ಸಾವಿಗೆ ಕಾರಣನಾಗಿ ನರಕಕ್ಕೆ ಹೋದ. ಕೃಷ್ಣ ಅರ್ಜುನನಿಗೆ ಹೇಳುವ ಕಥೆ ಇದು. ಜರ್ಮನಿಯ ಕಾಂಟ್ 1797ರಲ್ಲಿ ಇದೇ ಸಂದರ್ಭವನ್ನು ಎತ್ತಿಕೊಂಡು ನೇರ ಉಲ್ಟಾ ತೀರ್ಮಾನಕ್ಕೆ ಬಂದ: ಕೊಲೆಗಾರ ಬಾಗಿಲಲ್ಲಿ ನಿಂತು ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳಕೂಡದು. ನಮ್ಮ ಜನಕ್ಕೆ ಕೃಷ್ಣನೇ ಸರಿ ಎನಿಸುತ್ತದೆ, ಎನಿಸಬೇಕಾದದ್ದೇ. ಆದರೆ ಆ ವಿನಾಯಿತಿ ಇನ್ನೊಬ್ಬರ ಜೀವ ಉಳಿಸುವುದಕ್ಕೆ. ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಸರಿಯಾಗಿ ಟಿಕೆಟ್ ಸಿಗಲಿ ಎಂಬುದು ಪ್ರಾಣಸಂಕಟವಲ್ಲ.

ಅದಿರಲಿ, ಅಮ್ಮನ ಅರ್ಜಿಯಲ್ಲಿ ಹೇಳುವ ಸುಳ್ಳುಗಳಲ್ಲಿ ಬಹಳಷ್ಟು ಬೇಕಾಗಿಯೇ ಇರುವುದಿಲ್ಲ. ಸಂಬಂಧಿಕರನ್ನು ನೋಡಲು ಹೋಗುವುದು ಅಮೆರಿಕದ ಬಿ-2 ವೀಸಾದ ನ್ಯಾಯವಾದ ಉದ್ದೇಶ. ಮಗಳ ಹೆರಿಗೆಗೆ ಜತೆಯಲ್ಲಿರಲು ಹೋಗುತ್ತೇನೆ ಎಂದರೆ ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಬ್ರಿಟನ್ನಿನ ನಿಯಮವೂ ಅಷ್ಟೇ: ಸಂಬಂಧಿಕರ ಮಗುವನ್ನು ಭೇಟಿಯ ಅವಧಿಯಲ್ಲಿ ನೋಡಿಕೊಳ್ಳಬಹುದು, ಅದು ದಾದಿಯ ಕೆಲಸವಾಗಿಬಿಡಬಾರದು. ವಾಪಸು ಬರುವ ಕಾರಣ ಕೇಳಿದರೆ ಮಲೆನಾಡಿನವರಿಗೆ ಸಿದ್ಧ ಉತ್ತರ ಉಂಟು. ಮಳೆಗಾಲಕ್ಕೆ ಕೊಳೆ ಮದ್ದು ಹೊಡೆಸಬೇಕು, ನವೆಂಬರ್ ಬಂತೆಂದರೆ ಕೊನೆಕೊಯ್ಲು, ಅಡಿಕೆ ಸುಲಿಸಿ ಬೇಯಿಸಿ ಒಣಗಿಸುವ ಹೊತ್ತಿಗೆ ಯಜಮಾನರು ಮನೆಯಲ್ಲಿರಬೇಕು. ತೋಟದ ಮೂಲೆಯ ಚೌಡಿಗೆ, ಭೂತಪ್ಪನಿಗೆ ವರ್ಷದ ಪೂಜೆ ಸಲ್ಲಬೇಕು, ಅಪ್ಪಯ್ಯನ ಶ್ರಾದ್ಧ ತಪ್ಪಿಸುವಂತಿಲ್ಲ. ಹುಟ್ಟುವಾಗಲೇ ದೇವರಿಗೆ, ಋಷಿಗಳಿಗೆ, ಪಿತೃಗಳಿಗೆ ಸಾಲಗಾರನಾಗಿ ಹುಟ್ಟುತ್ತಾನೆ ಎಂದು ವೇದ ಹೇಳುವ ಮನುಷ್ಯನಿಗೆ ಊರಿನ ನಂಟಿಗೆ ಕಾರಣ ಹುಡುಕಬೇಕಾದ ಪಾಡು ಬರಬಾರದು. ಇಂಥ ಸಾದಾ ಸತ್ಯವನ್ನು ಬಚ್ಚಿಟ್ಟು ನಯಾಗರದ ಕಥೆ ಕಟ್ಟಿಕೊಂಡ ಅಜ್ಜಿ, ಕಿಟಕಿಯಲ್ಲಿ “ಅಲ್ಲಿ ಏನೇನು ನೋಡ್ತೀರಿ” ಎಂಬ ಎರಡನೇ ಪ್ರಶ್ನೆಗೇ ತಡವರಿಸುತ್ತಾಳೆ.

ಸಿಕ್ಕಿಬಿದ್ದರೆ ಶಿಕ್ಷೆ ಸಣ್ಣದಲ್ಲ. ಸುಳ್ಳು ಹೇಳಿ ವೀಸಾ ಪಡೆಯಲು ನೋಡಿದವರಿಗೆ ಅಮೆರಿಕದ ಬಾಗಿಲು, ಪ್ರತ್ಯೇಕ ವಿನಾಯಿತಿ ಸಿಗದಿದ್ದರೆ, ಕಾಯಮ್ಮಾಗಿ ಮುಚ್ಚುತ್ತದೆ. ಕೆನಡಾದಲ್ಲಿ 5 ವರ್ಷ, ಬ್ರಿಟನ್ನಿನಲ್ಲಿ 10 ವರ್ಷದವರೆಗೆ. ಸಾಗರದ ಸೀಮೆಗೆ ಅರ್ಜಿಯ ಗಂಭೀರತೆಯನ್ನು ಯಾರೂ ಹೇಳಿಕೊಡಬೇಕಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಮಾಡಿದ ನೆಲ ಇದು. 1974ರ ಭೂಸುಧಾರಣೆಯಲ್ಲಿ ಫಾರಂ ನಂಬರ್ 7 ತುಂಬಿ ಒಡೆಯರಾದವರ ಮೊಮ್ಮಕ್ಕಳೇ ಇಂದು ಅಮೆರಿಕದ ವೀಸಾ ಅರ್ಜಿಯಾದ ಡಿಎಸ್-160 ತುಂಬುತ್ತಿರುವವರು.

ಸುಳ್ಳಿಗೂ ಸತ್ಯಕ್ಕೂ ನಡುವೆ ನಿಲ್ಲುವ ಇನ್ನೊಂದು ದಾಖಲೆ ಇದೆ, ಮದುವೆಯ ಸರ್ಟಿಫಿಕೇಟು. ಹುಡುಗ ಎಚ್-1ಬಿ ವೀಸಾದಲ್ಲಿ ಅಮೆರಿಕದಲ್ಲಿದ್ದಾನೆ, ರಜೆ ಮೂರೇ ವಾರ. ಮದುವೆಯಾದ ಮೇಲೆ ನೋಂದಣಿ ಮಾಡಿಸಿ ಹುಡುಗಿಗೆ ಪತ್ನಿಯ ವೀಸಾ ಎಚ್-4 ಮಾಡಿಸುವಷ್ಟು ಪುರುಸೊತ್ತಿಲ್ಲ. ಹಾಗಾಗಿ ನಿಶ್ಚಿತಾರ್ಥದ ಹೊತ್ತಿಗೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ‘ಮದುವೆ’ ಆಗಿಬಿಡುತ್ತದೆ. ನಿಜವಾದ ಮುಹೂರ್ತ ಆರು ತಿಂಗಳ ಮೇಲೆ. ಆ ನಡುವಿನ ಆರು ತಿಂಗಳು ಹುಡುಗಿ ಯಾರು? ಮನೆಯವರಿಗೆ ಕನ್ಯೆ, ಪಾಸ್‌ಪೋರ್ಟಿಗೆ ಪತ್ನಿ. ಮದುವೆಯ ದಿನ ಕನ್ಯಾದಾನ ಮಾಡುವ ಅಪ್ಪ, ಕಾಗದದ ಲೆಕ್ಕದಲ್ಲಿ ಈಗಾಗಲೇ ಇನ್ನೊಬ್ಬರ ಹೆಂಡತಿಯಾದವಳನ್ನು ದಾನ ಕೊಡುತ್ತಿರುತ್ತಾನೆ.

ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಡಾಲಿ ರಾಣಿ ಪ್ರಕರಣದಲ್ಲಿ ಇದರ ಬಗ್ಗೆಯೇ ಮಾತಾಡಿತು. ಕನ್ನಡದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ, ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನಂತೆ ವಿಧಿ ನಡೆಯದಿದ್ದರೆ 8ನೇ ಕಲಮಿನ ನೋಂದಣಿಯಿಂದ ಮದುವೆ ಹುಟ್ಟುವುದಿಲ್ಲ ಎಂದಿತು. ವಿದೇಶದ ವೀಸಾಕ್ಕೆಂದು, ಸಮಯ ಉಳಿಸಲೆಂದು ಮುಂಚಿತವಾಗಿ ನೋಂದಣಿ ಮಾಡಿಸುವ ರೂಢಿಯನ್ನು ಹೆಸರು ಹೇಳಿಯೇ ಖಂಡಿಸಿತು. ಮದುವೆ ಬರೀ ಹಾಡು-ಕುಣಿತದ, ಊಟದ ಸಮಾರಂಭವಲ್ಲ, ಅದೊಂದು ಸಂಸ್ಕಾರ ಎಂದೂ ನೆನಪಿಸಿತು. ಕಚೇರಿಯ ಸೀಲು ಮತ್ತು ಸಪ್ತಪದಿ ಎರಡರಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಯನ್ನು ಪುರೋಹಿತರಲ್ಲ, ಕೋರ್ಟು ಬಿಡಿಸಿದ್ದು ನೋಡಿ.

ಇದರ ಇನ್ನೊಂದು ಮಗ್ಗುಲು ತೀರ್ಥಹಳ್ಳಿಯಲ್ಲಿದೆ. 1966ರಲ್ಲಿ ಕುಪ್ಪಳಿಯವರಾದ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿದರು. ಆಡಂಬರವಿಲ್ಲ, ವರದಕ್ಷಿಣೆ ಇಲ್ಲ, ವಧೂವರರು ಅರ್ಥ ತಿಳಿದು ಪ್ರತಿಜ್ಞೆ ಮಾಡುತ್ತಾರೆ. ಸಂಸ್ಕಾರ ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ರೂಪ ಸಿಗುವುದು ಕಷ್ಟ. ಆದರೆ ಸ್ವಾಭಿಮಾನ ವಿವಾಹಗಳಿಗೆ ತಮಿಳುನಾಡು ತನ್ನ ತಿದ್ದುಪಡಿಯಲ್ಲಿ ಕೊಟ್ಟಂಥ ಪ್ರತ್ಯೇಕ ಕಲಮು ಕರ್ನಾಟಕದಲ್ಲಿಲ್ಲ. ಹಾಗಾಗಿ ಮಂತ್ರಮಾಂಗಲ್ಯದ ಜೋಡಿ 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನದ ನೋಟಿಸ್ ಕೊಟ್ಟು ನೋಂದಾಯಿಸಿಕೊಳ್ಳುವುದೇ ಸುರಕ್ಷಿತ. ಅಷ್ಟಾದರೂ ಪತ್ನಿಯ ವೀಸಾಕ್ಕೆ ಮದುವೆ ನಿಜವೆಂದು ತೋರಿಸಲು ಫೋಟೊ ಆಲ್ಬಂ ಹಿಡಿದು ಹೋದರೆ, ಓಲಗ ಇಲ್ಲ, ಸಾವಿರ ಜನರ ಪಂಕ್ತಿ ಇಲ್ಲ. ದುಂದಿನ ಮದುವೆ ಸಾಚಾ ಅನಿಸುತ್ತದೆ, ಸರಳ ಮದುವೆಗೆ ಪ್ರಶ್ನೆ ಏಳಬಹುದು.

ಘಟ್ಟದ ಕೆಳಗಿನಂತೆ ಸಾಗರದ ಮುಸ್ಲಿಂ ಮನೆಗಳಿಗೂ ಕೊಲ್ಲಿಯ ನಂಟಿದೆ. ಅಲ್ಲಿಗೆ ಹೆಂಡತಿಯನ್ನು ಕರೆಸಲು ಮದುವೆ ಪತ್ರಕ್ಕೆ ರಾಜ್ಯದ, ವಿದೇಶಾಂಗ ಇಲಾಖೆಯ, ಕೆಲವು ದೇಶಗಳಿಗೆ ರಾಯಭಾರ ಕಚೇರಿಯ ಮುದ್ರೆಗಳೂ ಬೀಳಬೇಕು. ಕರ್ಮಗಳ ಬೆಲೆ ನಿಯ್ಯತ್ತಿನಿಂದ ಎಂಬುದು ಬುಖಾರಿ ಹದೀಸ್ ಸಂಗ್ರಹದ ಮೊದಲ ಹದೀಸ್. ನಿಯ್ಯತ್ತಿಗೆ ಮುದ್ರೆ ಒತ್ತುವ ಕಚೇರಿ ಮಾತ್ರ ಇನ್ನೂ ತೆರೆದಿಲ್ಲ.

ಹಿರಿಯರನ್ನು ಕಾಯಂ ಆಗಿ ಕರೆಸಿಕೊಳ್ಳುವ ಅರ್ಜಿಗಳು ಬಂದಾಗ ಸತ್ಯದ ಪ್ರಶ್ನೆ ಕಹಿಯಾಗುತ್ತದೆ. ಬ್ರಿಟನ್ 2012ರ ಜುಲೈಯಲ್ಲಿ ತಂದ ನಿಯಮದ ಪ್ರಕಾರ, ಅಮ್ಮನಿಗೆ ಮೀಯುವುದು, ಉಡುವುದು, ಅಡುಗೆ ಮಾಡಿಕೊಳ್ಳುವುದು ತಾನಾಗಿ ಆಗುವುದಿಲ್ಲ, ಊರಿನಲ್ಲಿ ದುಡ್ಡು ಕೊಟ್ಟರೂ ತಕ್ಕ ಆರೈಕೆ ಸಿಗುವುದಿಲ್ಲ ಎಂದು ಮಗ ಸಾಬೀತು ಮಾಡಬೇಕು. ಆಸ್ಟ್ರೇಲಿಯಾಕ್ಕೆ ಇನ್ನೊಂದು ಲೆಕ್ಕ: ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಜನ ಅಲ್ಲಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವುದೇ ಒಂದು ದೇಶಕ್ಕಿಂತ ಹೆಚ್ಚು ಮಕ್ಕಳು ಅಲ್ಲಿರಬೇಕು. ಇಬ್ಬರು ಮಕ್ಕಳು ಸಾಗರದಲ್ಲಿ, ಒಬ್ಬಳೇ ಮಗಳು ಮೆಲ್ಬರ್ನ್‌ನಲ್ಲಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು, ಸಾಗರದ ಮಕ್ಕಳು ನೋಡಿಕೊಳ್ಳಲಿ ಬಿಡಲಿ. ಕೆನಡಾದ ‘ಸೂಪರ್ ವೀಸಾ’ ಸ್ವಲ್ಪ ಉದಾರಿ. 2011ರಲ್ಲಿ ಶುರುವಾದ ಇದರಲ್ಲಿ ಈಗ ಒಂದು ಸಲಕ್ಕೆ 5 ವರ್ಷದವರೆಗೆ ಇರಬಹುದು, ಕನಿಷ್ಠ 1 ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಬೇಕು.

ಹೀಗಾಗಿ ಒಬ್ಬಳೇ ಅಮ್ಮನಿಗೆ ಎರಡು ಚಿತ್ರ. ಸಂದರ್ಶಕ ವೀಸಾಕ್ಕೆ ಆಕೆ ಗಟ್ಟಿಮುಟ್ಟು, ತೋಟ ನೋಡಿಕೊಳ್ಳುವವಳು, ವಾಪಸು ಬರಲು ಹಾತೊರೆಯುವವಳು. ಎರಡು ವರ್ಷ ಬಿಟ್ಟು ಹಾಕಿದ ಕಾಯಂ ಅರ್ಜಿಯಲ್ಲಿ ಆಕೆ ಹಾಸಿಗೆ ಹಿಡಿದವಳು, ಊರಿನಲ್ಲಿ ಯಾರೂ ಇಲ್ಲದವಳು. ನಿಜವಾಗಿ ಆಕೆಗೆ ಮಂಡಿನೋವು, ಸ್ವಲ್ಪ ಸಕ್ಕರೆ ಕಾಯಿಲೆ, ಮತ್ತು ಎರಡೂ ಕಡೆ ಇರಬೇಕೆಂಬ ಆಸೆ. ಈ ಮೂರನೆಯದನ್ನು ಬರೆಯಲು ಯಾವ ಫಾರಮಿನಲ್ಲೂ ಜಾಗವಿಲ್ಲ. ತಾಯಿಯನ್ನು ದೇವರೆಂದು ಕಾಣು ಎಂದ ಉಪನಿಷತ್ತಿನ ಮಾತನ್ನು ಪಾಲಿಸಲು ಹೊರಟ ಮಗ, ಮೊದಲು ಆಕೆ ಎಷ್ಟು ನಿಷ್ಪ್ರಯೋಜಕ ಎಂದು ವೈದ್ಯರಿಂದ ಬರೆಸಿಕೊಳ್ಳಬೇಕು. ನಿಯಮ ಮಾಡಿದವರ ತಪ್ಪು ಇಲ್ಲಿ ದೊಡ್ಡದು, ಅದನ್ನು ಅಡಗಿಸಿ ಅರ್ಜಿದಾರರಿಗೆ ಮಾತ್ರ ನೀತಿ ಬೋಧಿಸುವುದು ಸಲ್ಲದು. ಆದರೂ ಅನ್ಯಾಯದ ನಿಯಮವೊಂದು ಅಮ್ಮನ ಬಾಯಲ್ಲಿ ಸುಳ್ಳು ಹೇಳಿಸುವ ಹಕ್ಕನ್ನು ಮಗನಿಗೆ ಕೊಡುವುದಿಲ್ಲ. ನೆಲೆಸುವ ಉದ್ದೇಶವನ್ನು ಮೊದಲೇ ಇಟ್ಟುಕೊಂಡು ಸಂದರ್ಶಕ ವೀಸಾದಲ್ಲಿ ಕರೆದೊಯ್ದು, ಅಲ್ಲಿ ಇಳಿದ ಕೂಡಲೇ ಗ್ರೀನ್ ಕಾರ್ಡಿಗೆ ಹಾಕಿಸುವ ಉಪಾಯಕ್ಕೂ ಇದೇ ಮಾತು. ಅಲ್ಲಿ ಸಿಕ್ಕಿಬೀಳುವವಳು ಅಮ್ಮ, ಉಪಾಯ ಹೂಡಿದ ಮಗನಲ್ಲ.

ಒಂದು ಕಾಲದಲ್ಲಿ ಹೋಗುವುದೇ ದೋಷವಾಗಿತ್ತು. ಸಮುದ್ರಯಾನವನ್ನು ಬೌಧಾಯನ ಧರ್ಮಸೂತ್ರ ಪಾತಕಗಳ ಸಾಲಿನಲ್ಲಿಟ್ಟಿತು. ಉಡುಪಿಯ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ವಿದೇಶಕ್ಕೆ ಹೋಗಿ ಬಂದರೆಂದು 2008ರ ಪರ್ಯಾಯದಲ್ಲಿ ಕೃಷ್ಣಪೂಜೆಯ ಬಗ್ಗೆ ದೊಡ್ಡ ವಿವಾದವೇ ನಡೆಯಿತು. 2024ರ ಜನವರಿಯಲ್ಲಿ ಅವರು ಮತ್ತೆ ಪರ್ಯಾಯ ಪೀಠವೇರಿದರು. ಅಮೆರಿಕದ ದೇವಸ್ಥಾನಗಳಿಗೆ ಆರ್-1 ವೀಸಾದಲ್ಲಿ ಅರ್ಚಕರು ಹೋಗುತ್ತಾರೆ, ಹೆಂಡತಿ-ಮಕ್ಕಳು ಆರ್-2ರಲ್ಲಿ, ದುಡಿಯುವ ಅನುಮತಿ ಇಲ್ಲದೆ. ಗೃಹಸ್ಥರ ಮಟ್ಟಿಗೆ ಸಮುದ್ರದ ಮೈಲಿಗೆ ಕಳೆದುಹೋಗಿ ಬಹುಕಾಲವಾಯಿತು. ಉಳಿದಿರುವುದು ದಾಟುವಾಗ ಆಡುವ ಮಾತಿನ ಶುದ್ಧಿ. ಕಾಯಂ ವಲಸೆಯ ವೀಸಾ ಸಂದರ್ಶನದಲ್ಲಿ ಬಲಗೈ ಎತ್ತಿಸಿ ಪ್ರಮಾಣ ಮಾಡಿಸುತ್ತಾರೆ. ಚೌಡಮ್ಮನ ಹೆಸರು ಅಲ್ಲಿ ಬರುವುದಿಲ್ಲ ಎಂದ ಮಾತ್ರಕ್ಕೆ ಅದು ಆಣೆಯಲ್ಲವೇ? ನಮ್ಮದೇ 1969ರ ಪ್ರಮಾಣ ಕಾಯ್ದೆ ದೇವರ ಹೆಸರಿನ ಪ್ರಮಾಣಕ್ಕೂ ದೇವರ ಹೆಸರಿಲ್ಲದ ಪ್ರತಿಜ್ಞೆಗೂ ಒಂದೇ ಬೆಲೆ ಕೊಟ್ಟಿದೆ.

ಡಿಎಸ್-160 ಮುಗಿಯುವ ಹೊತ್ತಿಗೆ ಒಂದು ಸಣ್ಣ ಪ್ರಶ್ನೆ ಬರುತ್ತದೆ: ಈ ಅರ್ಜಿ ತುಂಬಲು ಯಾರಾದರೂ ಸಹಾಯ ಮಾಡಿದ್ದಾರೆಯೇ? ಇಂಗ್ಲಿಷ್ ಬಾರದ ಅಪ್ಪ-ಅಮ್ಮನ ಅರ್ಜಿಯನ್ನು ಮಗನೋ ಪೇಟೆಯ ಸೈಬರ್ ಅಂಗಡಿಯವನೋ ತುಂಬಿರುತ್ತಾನೆ. ಆದರೂ ‘ಇಲ್ಲ’ ಎಂದು ಒತ್ತಿ ಮುಂದೆ ಹೋಗುವುದು ರೂಢಿ. ಬೇರೆ ಯಾರೇ ತುಂಬಿದರೂ ಕೊನೆಯ ಸಹಿಯ ಗುಂಡಿಯನ್ನು ಅರ್ಜಿದಾರರೇ ಒತ್ತಬೇಕೆಂಬುದು ನಿಯಮ. 16 ವರ್ಷದೊಳಗಿನವರಿಗೆ, ದೈಹಿಕವಾಗಿ ಅಶಕ್ತರಾದವರಿಗೆ ಮಾತ್ರ ವಿನಾಯಿತಿ. ದೂರದೇಶದಲ್ಲಿ ಕೂತು ಅರ್ಜಿ ತುಂಬುವ ಮಕ್ಕಳು ಇಷ್ಟು ಮಾಡಲಿ. ಪ್ರತಿ ಪ್ರಶ್ನೆಯನ್ನೂ ಅಪ್ಪ-ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿ, ಅವರು ಕೊಟ್ಟ ಉತ್ತರವನ್ನೇ ಬರೆಯಲಿ. ಆ ಪ್ರಶ್ನೆಗೆ ‘ಹೌದು’ ಎಂದು ಒತ್ತಿ ತಮ್ಮ ಹೆಸರು, ವಿಳಾಸ, ಸಂಬಂಧ ನಮೂದಿಸಲಿ. ಹಾಗೆ ಬರೆದರೆ ವೀಸಾ ನಿರಾಕರಿಸಬೇಕೆಂಬ ನಿಯಮ ಎಲ್ಲಿಯೂ ಇಲ್ಲ.